ಖಿರ್ದಿಯಲ್ಲಿ ಬರೆಯದ ಬಾಕಿ

ಅಂಗಡಿಯ ಬಾಗಿಲು ಹಾಕುವ ಮುನ್ನ ನಾವೆಲ್ಲರೂ ತಪ್ಪದೆ ಮಾಡುವ ಕೆಲಸವೊಂದಿದೆ. ಗಲ್ಲಾಪೆಟ್ಟಿಗೆಯ ಹಣ ಎಣಿಸುವುದು, ದಿನದ ಖಿರ್ದಿ ಬರೆಯುವುದು, ಉದ್ರಿ ಹೋದದ್ದನ್ನು ಅವರವರ ಖಾತೆಗೆ ಹಾಕುವುದು. ಈಗ ಬಹಳಷ್ಟು ಅಂಗಡಿಗಳಲ್ಲಿ ಈ ಕೆಲಸ ಕಂಪ್ಯೂಟರಿಗೆ ಸೇರಿದೆ. ಆದರೂ ಲೆಕ್ಕ ಸರಿಹೋಗದೆ ನಮಗೆ ನಿದ್ರೆ ಬಾರದು. ಯಾರು ನಮಗೆ ಎಷ್ಟು ಕೊಡಬೇಕು ಎಂಬುದು ಪೈಸೆ ಸಹಿತ ನೆನಪಿರುತ್ತದೆ. ಆದರೆ ಆ ದಿನ ಯಾರ್‍ಯಾರ ಉಪಕಾರದಿಂದ ನಮ್ಮ ಅಂಗಡಿ ನಡೆಯಿತು, ಮನೆಯಲ್ಲಿ ಒಲೆ ಉರಿಯಿತು ಎಂದು ಬರೆಯಲು ನಮ್ಮ ಲೆಕ್ಕದ ಪುಸ್ತಕದಲ್ಲಿ ಒಂದು ಪುಟವೂ ಇಲ್ಲ. ಈ ಮಾತು ನನಗೆ ತಡವಾಗಿ ತಿಳಿಯಿತು. ತಿಳಿದ ಬಗೆಯನ್ನು ಓದುಗರ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಮ್ಮ ತಂದೆಯವರು ಸೇಲಂನ ಶೆವಾಪೇಟೆಯಲ್ಲಿ ಬೆಲ್ಲ ಮತ್ತು ಹುಣಿಸೆಹಣ್ಣಿನ ಮಂಡಿ ನಡೆಸುತ್ತಿದ್ದರು. ಅಲ್ಲಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತರು ದೇವಾಂಗ ಮನೆತನದವರು, ಮನೆಮಾತು ಕನ್ನಡ. ಹುಡುಗನಾಗಿ ಬಂದವರು ತಲೆ ನರೆಯುವವರೆಗೆ ನಮ್ಮಲ್ಲೇ ಇದ್ದರು. ವ್ಯವಹಾರ ನನ್ನ ಕೈಗೆ ಬರುವ ಹೊತ್ತಿಗೆ ಅವರ ಕಣ್ಣು ಮಂದವಾಗಿತ್ತು. ಒಂದು ದಿನ ಕೂಡುವಾಗ ನಲವತ್ತು ರೂಪಾಯಿ ವ್ಯತ್ಯಾಸ ಮಾಡಿದರು. ಗಿರಾಕಿಗಳು ನಿಂತಿದ್ದಂತೆಯೇ ನಾನು ಅವರ ಮೇಲೆ ರೇಗಿದೆ. "ತಪ್ಪಾಯಿತು, ಸಣ್ಣ ಯಜಮಾನರೇ" ಎಂದು ಅವರು ಪುಸ್ತಕ ತಿದ್ದಿದರು. ಮುಂದಿನ ವರ್ಷ ಕೆಲಸ ಬಿಟ್ಟರು. ಒಂದು ಪಂಚೆ, ಶಲ್ಯ, ಸಿಹಿಯ ಪೊಟ್ಟಣ ಕೊಟ್ಟು ಕಳುಹಿಸಿದೆವು. ಎರಡು ವರ್ಷದ ಬಳಿಕ ಅವರು ತೀರಿಕೊಂಡರೆಂಬ ಸುದ್ದಿ ಬಂತು. ನಾನು ಊರಿನಲ್ಲಿರಲಿಲ್ಲ.

ತಂದೆಯವರು ಕಾಲವಾದ ಮೇಲೆ ಮಾಳಿಗೆಯ ಪೆಟ್ಟಿಗೆಯಿಂದ ಹಳೆಯ ಖಿರ್ದಿಗಳನ್ನು ತೆಗೆದೆ. ಬೆಲ್ಲದ ಬೆಲೆ ಕುಸಿದು ನಮ್ಮ ಮಂಡಿ ಮುಚ್ಚುವ ಸ್ಥಿತಿಗೆ ಬಂದಿದ್ದ ವರ್ಷದ ಪುಸ್ತಕವೂ ಅದರಲ್ಲಿತ್ತು. ಕೊಡಬೇಕಾದವರ ಪಟ್ಟಿ ಪುಟದ ತುಂಬ ಇತ್ತು. ಪ್ರತಿಯೊಂದು ಹೆಸರಿನ ಮುಂದೆಯೂ ಬಡ್ಡಿ ಬರೆದಿತ್ತು. ಕೊನೆಯ ಸಾಲಿನಲ್ಲಿ, ಅದೇ ಮುದ್ದಾದ ಅಕ್ಷರದಲ್ಲಿ, ಗುಮಾಸ್ತರು ತಮ್ಮ ಹೆಸರನ್ನೂ ಬರೆದುಕೊಂಡಿದ್ದರು: ನಾಲ್ಕು ತಿಂಗಳ ಸಂಬಳ ಬಾಕಿ. ಬಡ್ಡಿಯ ಜಾಗ ಖಾಲಿ. ಒಂದೂವರೆ ವರ್ಷದ ನಂತರ ಆ ಹಣ ಸಂದಾಯವಾದ ಗುರುತೂ ಇತ್ತು. ಇಷ್ಟು ವರ್ಷ ಅವರು ಅದರ ಸುದ್ದಿ ಎತ್ತಿರಲಿಲ್ಲ.

ಮರುದಿನ ಅವರ ಮನೆಗೆ ಹೋದೆ. ಅವರ ಪತ್ನಿ ಚಾಪೆ ಹಾಸಿ ಕೂರಿಸಿದರು. ನಾನು ನಾಲ್ಕು ತಿಂಗಳ ವಿಷಯ ಹೇಳಿದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನು ಅವರು ನನಗೆ ಹೇಳೇ ಇಲ್ಲ, ಅಣ್ಣಾ. ಆ ದಿನಗಳಲ್ಲಿ ಯಾಕೆ ಅಷ್ಟು ಕಷ್ಟ ಆಯಿತು ಅಂತ ಈಗ ತಿಳೀತು. ನಲವತ್ತು ರೂಪಾಯಿ ವಿಷಯ ಮಾತ್ರ ಹೇಳಿದ್ದರು" ಎಂದರು.

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಹಣದ ಸಾಲವಾದರೆ ಮಕ್ಕಳಿಗಾದರೂ ತೀರಿಸಬಹುದು. ಹೇಳದೆ ಉಳಿದ ಕೃತಜ್ಞತೆಯನ್ನು ಪಡೆಯಬೇಕಾದವರೇ ಇಲ್ಲದ ಮೇಲೆ ಯಾರಿಗೆ ಸಲ್ಲಿಸುವುದು? ಅಂದಿನಿಂದ ಪ್ರತಿ ರಾತ್ರಿ ಖಿರ್ದಿಯ ನಂತರ ಬೇರೊಂದು ಸಣ್ಣ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯುವ ಅಭ್ಯಾಸ ಮಾಡಿಕೊಂಡೆ.

ಜೈನನು ಯಾರಿಗೆ ಕೃತಜ್ಞನಾಗಬೇಕು?

ನಮ್ಮ ಮಕ್ಕಳು ಕೆಲವೊಮ್ಮೆ ಒಂದು ಪ್ರಶ್ನೆ ಕೇಳುತ್ತಾರೆ. ಬೇರೆಯವರು ಎಲ್ಲವನ್ನೂ ಕೊಟ್ಟ ದೇವರಿಗೆ ವಂದನೆ ಹೇಳುತ್ತಾರೆ, ನಮ್ಮ ಜಿನನು ಏನನ್ನೂ ಕೊಡುವುದಿಲ್ಲವಲ್ಲ, ನಾವು ಯಾರಿಗೆ ಹೇಳಬೇಕು? ಪ್ರಶ್ನೆ ಸರಿಯಾದದ್ದೇ. ವೀತರಾಗನು ಮೆಚ್ಚಿ ಕೊಡುವವನಲ್ಲ, ಮುನಿದು ಕಸಿಯುವವನೂ ಅಲ್ಲ. ಆದರೆ ಉತ್ತರ ನಾವು ದಿನವೂ ಹೇಳುವ ಣಮೋಕಾರ ಮಂತ್ರದಲ್ಲೇ ಇದೆ. ಅದರಲ್ಲಿ ಬೇಡಿಕೆಯಿಲ್ಲ, ವಂದನೆ ಮಾತ್ರವಿದೆ. ಎಂಟು ಕರ್ಮಗಳನ್ನೂ ಕಳೆದುಕೊಂಡ ಸಿದ್ಧರು ಪದವಿಯಲ್ಲಿ ಹಿರಿಯರು. ಆದರೂ ಮೊದಲ ವಂದನೆ ಅರಿಹಂತರಿಗೆ. ಏಕೆ? ನಮಗೆ ಧರ್ಮದ ದಾರಿ ತೋರಿ ಉಪಕಾರ ಮಾಡಿದವರು ಅವರು, ಸಿದ್ಧರ ವಿಷಯ ನಮಗೆ ತಿಳಿದದ್ದೂ ಅವರಿಂದಲೇ ಎಂದು ಹಿಂದಿನ ಆಚಾರ್ಯರು ಕಾರಣ ಹೇಳಿದ್ದಾರೆ. ಪದವಿಗಿಂತ ಉಪಕಾರಕ್ಕೆ ಮೊದಲ ಸ್ಥಾನ. ಮಗು ಕಲಿಯುವ ಮೊದಲ ಮಂತ್ರದಲ್ಲೇ ಈ ಪಾಠ ಅಡಗಿದೆ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯದಲ್ಲಿ ದ್ರವ್ಯಗಳ ಉಪಕಾರದ ವಿಚಾರ ಬರುತ್ತದೆ. ಧರ್ಮದ್ರವ್ಯವು ಚಲನೆಗೆ, ಅಧರ್ಮದ್ರವ್ಯವು ನಿಲುವಿಗೆ, ಆಕಾಶವು ಅವಕಾಶಕ್ಕೆ, ಪುದ್ಗಲವು ದೇಹ, ಮಾತು, ಮನಸ್ಸು, ಉಸಿರುಗಳಿಗೆ ನೆರವಾಗುತ್ತದೆ. ಜೀವಗಳ ಪಾಲಿಗೆ ಬಂದದ್ದು ಒಂದಕ್ಕೊಂದು ಉಪಕಾರ ಮಾಡುವುದು. ಆದ್ದರಿಂದ ಜೈನನ ಕೃತಜ್ಞತೆ ಮೇಲೆ ಎಲ್ಲೋ ಇರುವ ಒಬ್ಬ ದಾತನಿಗೆ ಸಲ್ಲಿ ಮುಗಿಯುವುದಿಲ್ಲ. ಅದು ಎದುರಿಗಿರುವ ಜೀವಗಳಿಗೆ ಸಲ್ಲಬೇಕು. ಸೋಸಿ ಕುಡಿಯುವ ನೀರು, ಒಲೆಯ ಬೆಂಕಿ, ತಟ್ಟೆಯ ಕಾಳು ಇವುಗಳ ಏಕೇಂದ್ರಿಯ ಜೀವಗಳೂ ಆ ಲೆಕ್ಕದೊಳಗೆ ಬರುತ್ತವೆ. ಅವುಗಳಿಂದ ಬೇಕಾದಷ್ಟನ್ನೇ ಪಡೆಯುವುದು ಅವುಗಳಿಗೆ ಸಲ್ಲಿಸುವ ಕೃತಜ್ಞತೆ.

ಒಂದು ಜೊತೆ ಕಾಲ್ಗೆಜ್ಜೆ

ಸೇಲಂ ಬೆಳ್ಳಿಯ ಕಾಲ್ಗೆಜ್ಜೆಗೆ ಹೆಸರಾದ ಊರು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿರುವ ಒಂದು ಜೊತೆಯನ್ನು ಕೈಗೆತ್ತಿಕೊಂಡು ನೋಡಿ. ಬೆಳ್ಳಿ ಕರಗಿಸಿದವರು ಒಬ್ಬರು, ತಂತಿ ಎಳೆದವರು ಇನ್ನೊಬ್ಬರು. ಕೊಂಡಿ ಜೋಡಿಸಿ ಬೆಸುಗೆ ಹಾಕಿದವರು, ಗೆಜ್ಜೆ ಪೋಣಿಸಿದವರು, ಮೆರುಗು ಕೊಟ್ಟವರು ಬೇರೆ ಬೇರೆ. ಇದರಲ್ಲಿ ಹೆಚ್ಚಿನ ಕೆಲಸ ಸುತ್ತಲಿನ ಹಳ್ಳಿಗಳ ಮನೆಗಳಲ್ಲೇ ನಡೆಯುತ್ತದೆ. ಹೆಂಗಸರು ಬೆಸುಗೆಯ ಹೊಗೆಯ ಮುಂದೆ ಕುಳಿತು ದುಡಿಯುತ್ತಾರೆ. ಅಷ್ಟೂ ಕೈಗಳನ್ನು ದಾಟಿ ಬಂದ ಸರಕಿಗೆ ನಾವು ಚೀಟಿ ಅಂಟಿಸುತ್ತೇವೆ, ಲಾಭವನ್ನು ನಮ್ಮ ಜಾಣ್ಮೆಯ ಫಲವೆನ್ನುತ್ತೇವೆ. ಧಾನ್ಯದ ಮೂಟೆಯಾದರೂ ಅಷ್ಟೇ. ರೈತ, ಹಮಾಲಿ, ರಾತ್ರಿಯೆಲ್ಲ ಎಚ್ಚರವಿದ್ದು ತೊಪ್ಪೂರು ಘಾಟಿ ಇಳಿಸಿ ಲಾರಿ ತಂದ ಚಾಲಕ, ಇವರಲ್ಲಿ ಒಬ್ಬರು ಇಲ್ಲದಿದ್ದರೂ ನಮ್ಮ ತಕ್ಕಡಿ ಏಳದು.

ಮನೆಯೊಳಗೂ ಇದೇ ಲೆಕ್ಕ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ನಿಯಮ ನಮ್ಮದು. ವ್ಯಾಪಾರದ ಗಡಿಬಿಡಿಯಲ್ಲಿ ಆ ನಿಯಮ ಉಳಿದಿದ್ದರೆ ಅದು ಸಂಜೆ ಐದಕ್ಕೆಲ್ಲ ಬುತ್ತಿ ಕಟ್ಟಿ ಅಂಗಡಿಗೆ ಕಳುಹಿಸುವ ಗೃಹಿಣಿಯಿಂದ. ವ್ರತ ನಮ್ಮ ಹೆಸರಿನಲ್ಲಿ, ಶ್ರಮ ಆಕೆಯದು. ಎಷ್ಟು ಮನೆಗಳಲ್ಲಿ ಗಂಡಸರು ಈ ಮಾತನ್ನು ಬಾಯಿಬಿಟ್ಟು ಹೇಳಿದ್ದಾರೆ?

ತಗಡೂರಿನ ಇಬ್ಬರು ಅಣ್ಣತಮ್ಮಂದಿರು

ಈ ನೆಲದಲ್ಲೇ ವ್ಯಾಪಾರಿಗಳ ಮನೆತನವೊಂದು ಕೊಟ್ಟುಹೋದ ಒಂದು ಮಾದರಿಯಿದೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. 9ನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿ ನೊಳಂಬರ ಆಳ್ವಿಕೆಯಿತ್ತು. ಮಹೇಂದ್ರನೆಂಬ ಅರಸನ ಕಾಲದಲ್ಲಿ ಶ್ರೀಮಂಗಲದ ಸೆಟ್ಟಿಯೊಬ್ಬನ ಮಕ್ಕಳಾದ ನಿಧಿಯಣ್ಣ ಮತ್ತು ಚಂದಿಯಣ್ಣ ಎಂಬವರು ತಗಡೂರಿನಲ್ಲಿ ಬಸದಿಯನ್ನು ಕಟ್ಟಿಸಿದರು. ಧರ್ಮಪುರಿಯಲ್ಲಿ ದೊರೆತ ಕಂಬದ ಮೇಲಿನ ಕನ್ನಡ ಶಾಸನ ಇದನ್ನು ತಿಳಿಸುತ್ತದೆ. ನಿಧಿಯಣ್ಣನಿಗೆ ಅರಸನಿಂದ ಮೂಲಪಳ್ಳಿ ಎಂಬ ಹಳ್ಳಿ ದೊರೆಯಿತು. ಅದನ್ನು ಅವನು ತನ್ನ ಮನೆಗೆ ಸೇರಿಸಿಕೊಳ್ಳಲಿಲ್ಲ. ಬಸದಿಯ ದುರಸ್ತಿಗೂ ಪೂಜೆಗೂ ಆಗಲೆಂದು ಮೂಲಸಂಘದ ಸೇನಾನ್ವಯಕ್ಕೆ ಸೇರಿದ ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದನು. ಮುಂದೆ ಮಹೇಂದ್ರನ ಮಗ ಅಯ್ಯಪದೇವನ ಕಾಲದಲ್ಲಿ ಅದೇ ಬಸದಿಗೆ ಬೂದುಗೂರು ಎಂಬ ಹಳ್ಳಿಯೂ ಸಂದಿತು.

ಇದರಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ದಾನ ಮಾಡಿದವರ ಶಾಸನಗಳು ನಮ್ಮಲ್ಲಿ ಸಾವಿರಾರು. ಇಲ್ಲಿ ತಾನು ಕೊಟ್ಟದ್ದು ತನಗೆ ಯಾರಿಂದ ಬಂದಿತ್ತು ಎಂಬುದೂ ಅದೇ ಕಲ್ಲಿನಲ್ಲಿ ಕಾಣುತ್ತದೆ. ಬಂದದ್ದು, ಸಂದದ್ದು, ಎರಡೂ ಅಲ್ಲಿವೆ. ಒಳ್ಳೆಯ ಖಿರ್ದಿಯ ಲಕ್ಷಣವೂ ಇದೇ ಅಲ್ಲವೇ?

ಅದಕ್ಕೂ ಬಹಳ ಹಿಂದೆ ಇದೇ ತಗಡೂರನ್ನು ಆಳಿದ ಅದಿಯಮಾನ್ ನೆಡುಮಾನ್ ಅಂಜಿಯ ಕಥೆಯನ್ನು ಧರ್ಮಪುರಿಯ ಮಕ್ಕಳೆಲ್ಲ ಬಲ್ಲರು. ಆಯುಸ್ಸು ಹೆಚ್ಚಿಸುವ ಅಪೂರ್ವ ನೆಲ್ಲಿಕಾಯಿ ಅವನಿಗೆ ಸಿಕ್ಕಿತು. ತಾನು ತಿನ್ನದೆ ಕವಯಿತ್ರಿ ಔವೈಯಾರ್‌ಗೆ ಕೊಟ್ಟನು. ಆಕೆ ಅದನ್ನು ಮರೆಯದೆ ಹಾಡಿದಳು. ಅವನ ಕೋಟೆ ಉಳಿಯಲಿಲ್ಲ, ಆ ನೆನಕೆ ಉಳಿಯಿತು. ನಮ್ಮ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಕಲಿಯುವ ತಿರುಕ್ಕುರಳಿನಲ್ಲಿ 11ನೆಯ ಅಧಿಕಾರ ಪೂರ್ತಿಯಾಗಿ ಉಪಕಾರಸ್ಮರಣೆಗೇ ಮೀಸಲು. ಒಬ್ಬನು ನಮ್ಮನ್ನು ಎಷ್ಟೇ ನೋಯಿಸಿದರೂ ಅವನು ಹಿಂದೆ ಮಾಡಿದ ಒಂದು ಒಳಿತನ್ನು ನೆನೆದರೆ ಆ ನೋವು ಕರಗುತ್ತದೆ ಎಂಬ ಭಾವ ಅಲ್ಲಿದೆ. ಅದನ್ನು ಓದುವಾಗಲೆಲ್ಲ ನನಗೆ ಆ ನಲವತ್ತು ರೂಪಾಯಿ ನೆನಪಾಗುತ್ತದೆ.

ಸಂತೋಷಕ್ಕೂ ಇದಕ್ಕೂ ಏನು ಸಂಬಂಧ?

ದಶಲಕ್ಷಣ ಧರ್ಮಗಳಲ್ಲಿ ಉತ್ತಮ ಶೌಚವೂ ಒಂದು. ಶೌಚವೆಂದರೆ ಮೈ ತೊಳೆಯುವುದಷ್ಟೇ ಅಲ್ಲ, ಮನಸ್ಸಿನಿಂದ ಲೋಭವನ್ನು ತೊಳೆಯುವುದು. ಲೋಭದ ಕಣ್ಣಿಗೆ ಇಲ್ಲದ್ದೇ ಕಾಣುತ್ತದೆ: ಪಕ್ಕದ ಅಂಗಡಿಯ ಹೊಸ ಫಲಕ, ಬೀಗರ ಹೊಸ ಕಾರು. ಕೃತಜ್ಞತೆಯ ಕಣ್ಣಿಗೆ ಬಂದದ್ದು ಕಾಣುತ್ತದೆ. ಬಂದದ್ದು ಕಂಡಾಗಲೇ ಸಾಕು ಎಂಬ ಮಾತು ಹುಟ್ಟುತ್ತದೆ. ಸಾಕು ಎನ್ನಲು ಬಾರದವನಿಗೆ ಪರಿಗ್ರಹ ಪರಿಮಾಣ ವ್ರತ ಹೊರೆಯಾಗುತ್ತದೆ. ಬಂದದ್ದನ್ನು ದಿನವೂ ಬರೆದುಕೊಳ್ಳುವವನಿಗೆ ಅದು ತಾನಾಗಿಯೇ ಸುಲಭವಾಗುತ್ತದೆ.

ಹೊರದೇಶದ ವಿದ್ವಾಂಸರೂ ಇದನ್ನು ಪರೀಕ್ಷಿಸಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೇಲ್ ಮೆಕಲೋ 2003ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಕೃತಜ್ಞತೆ ಮೂಡಿಸಿದ ಸಂಗತಿಗಳನ್ನು 10 ವಾರಗಳ ಕಾಲ ವಾರಕ್ಕೊಮ್ಮೆ ಬರೆದರು. ಮತ್ತೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಮೊದಲ ಗುಂಪಿನವರಿಗೆ ತಮ್ಮ ಬಾಳಿನ ಬಗ್ಗೆ ಹೆಚ್ಚು ಸಮಾಧಾನ, ಮುಂದಿನ ದಿನಗಳ ಬಗ್ಗೆ ಹೆಚ್ಚು ಭರವಸೆ ಕಂಡುಬಂದಿತು.

ಆದರೆ ಎರಡು ಎಚ್ಚರಿಕೆಗಳು ಬೇಕು. ನನಗೆ ಇಷ್ಟೆಲ್ಲ ಸಿಕ್ಕಿದೆ, ನನ್ನ ಪುಣ್ಯ ದೊಡ್ಡದು ಎಂದು ಬರೆದುಕೊಂಡರೆ ಅದು ಮಾನಕಷಾಯವೇ ಹೊರತು ಕೃತಜ್ಞತೆಯಲ್ಲ. ಹಾಗೆಯೇ, ಆಳಿನ ಕೂಲಿ ತಡೆಹಿಡಿದು ರಾತ್ರಿ ಅವನ ಹೆಸರನ್ನು ಪುಸ್ತಕದಲ್ಲಿ ಬರೆದರೆ ಆ ಬರಹಕ್ಕೆ ಬೆಲೆಯಿಲ್ಲ. ಮೊದಲು ಸಲ್ಲಬೇಕಾದದ್ದು ಸಲ್ಲಲಿ, ಆಮೇಲೆ ಸ್ಮರಣೆ.

ದಿನಕ್ಕೆ ನಾಲ್ಕು ಸಾಲು

ನಾನು ಅನುಸರಿಸುತ್ತಿರುವ ಕ್ರಮ ಸರಳವಾದದ್ದು. ರಾತ್ರಿ ಸಾಮಾಯಿಕದ ನಂತರ, ದಿನದ ದೋಷಗಳನ್ನು ನೆನೆದು ಪ್ರತಿಕ್ರಮಣ ಮಾಡಿದ ಮೇಲೆ, ಐದು ನಿಮಿಷ ಸಾಕು. ಮೊದಲ ಸಾಲಿನಲ್ಲಿ ಇಂದು ಯಾರಿಂದ ಉಪಕಾರವಾಯಿತು ಎಂದು ಹೆಸರು ಹಿಡಿದು ಬರೆಯಬೇಕು. ಎಲ್ಲರಿಗೂ ವಂದನೆ ಎಂದು ಬರೆದರೆ ಯಾರಿಗೂ ಬರೆದಂತಾಗುವುದಿಲ್ಲ. ಎರಡನೆಯ ಸಾಲಿನಲ್ಲಿ ಆದ ಉಪಕಾರವೇನು, ಅದಕ್ಕಾಗಿ ಅವರು ಏನು ಕಷ್ಟಪಟ್ಟರು ಎಂಬುದು. ಮೂರನೆಯದರಲ್ಲಿ, ಅದನ್ನು ಅವರಿಗೆ ಹೇಳಿದೆನೋ ಇಲ್ಲವೋ. ನಾಲ್ಕನೆಯದರಲ್ಲಿ, ಪ್ರತಿಯಾಗಿ ನಾನು ಮಾಡಬೇಕಾದದ್ದೇನು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಯಾವುದಾದರೊಂದು ಇದಕ್ಕೆ ಒದಗುತ್ತದೆ. ಹಮಾಲಿಯ ಮಗಳ ಪುಸ್ತಕದ ಖರ್ಚು ಶಾಸ್ತ್ರದಾನವಾದೀತು. ತಪ್ಪು ಮಾಡಿದ ಹುಡುಗನನ್ನು ಎಲ್ಲರೆದುರು ಗದರಿಸದೆ ಒಳಗೆ ಕರೆದು ತಿದ್ದುವುದೂ ಒಂದು ಬಗೆಯ ಅಭಯದಾನವೇ.

ಮೂರನೆಯ ಸಾಲಿನಲ್ಲಿ ಇಲ್ಲ ಎಂದು ಬರೆದದ್ದು ಬಾಕಿ. ವಾರದ ರಜೆಯ ದಿನ ಆ ಬಾಕಿಗಳನ್ನು ತೀರಿಸಬೇಕು. ಕ್ಷಮಾವಣಿಯ ದಿನ ವರ್ಷದ ಪುಸ್ತಕವನ್ನೊಮ್ಮೆ ತಿರುವಿ ಹಾಕಿದರೆ ಯಾರ ಕ್ಷಮೆ ಕೇಳಬೇಕು ಎಂಬುದೂ ಅಲ್ಲೇ ಸಿಗುತ್ತದೆ. ಮಕ್ಕಳಿಗೆ ಉಪದೇಶ ಬೇಡ. ಊಟಕ್ಕೆ ಕುಳಿತಾಗ ಒಬ್ಬೊಬ್ಬರೂ ಒಂದು ಹೆಸರು ಹೇಳಲಿ. ನಮ್ಮ ಮೊಮ್ಮಗಳು ಮೊದಲ ದಿನ ಹೇಳಿದ್ದು ಶಾಲೆಯ ವ್ಯಾನಿನ ಚಾಲಕರ ಹೆಸರು. ಅವರ ಹೆಸರು ಅವಳ ಅಪ್ಪನಿಗೇ ಗೊತ್ತಿರಲಿಲ್ಲ.

ಗುಮಾಸ್ತರ ಮನೆಗೆ ನಾನು ಈಗಲೂ ದೀಪಾವಳಿಗೆ ಹೋಗಿಬರುತ್ತೇನೆ. ಆ ಸಾಲ ತೀರಿತೆಂದು ನನಗೆ ಅನ್ನಿಸಿಲ್ಲ, ಅದು ತೀರುವಂಥದ್ದೂ ಅಲ್ಲ. ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಇಂದು ರಾತ್ರಿ ಲೆಕ್ಕ ಮುಗಿದ ಮೇಲೆ ಪುಸ್ತಕ ಮುಚ್ಚಲು ಅವಸರ ಮಾಡಬೇಡಿ. ಯಾರೋ ಒಬ್ಬರು ಬಡ್ಡಿಯ ಜಾಗ ಖಾಲಿ ಬಿಟ್ಟು ನಿಮಗಾಗಿ ಕಾದಿರಬಹುದು. ಅವರು ಇರುವಾಗಲೇ ಹೋಗಿ ಒಂದು ಮಾತು ಹೇಳಿ ಬನ್ನಿ.