ಭಾಗೀರಥಿ ಯಾಕೆ ಬೇಡ ಅನ್ನಲಿಲ್ಲ?

‘ಕೆರೆಗೆ ಹಾರ’ ಅನ್ನುವ ಜನಪದ ಹಾಡಿನ ಕತೆ ಗೊತ್ತಲ್ಲ? ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಬಲಿ ಬೇಕಂತೆ. ಮನೆಯವರು ಆರಿಸುವುದು ಕಿರಿಸೊಸೆ ಭಾಗೀರಥಿಯನ್ನು.

ಅವಳು ತವರಿಗೆ ಹೋಗುತ್ತಾಳೆ. ಮುಖ ಯಾಕೆ ಬಾಡಿದೆ ಅಂತ ಅಪ್ಪ ಕೇಳಿದರೆ, ಅತ್ತೆ-ಮಾವ ನಮ್ಮನ್ನು ಬೇರೆ ಇಡ್ತಾರಂತೆ ಅಂತ ಸುಳ್ಳು ಹೇಳುತ್ತಾಳೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಆ ಗೆಳತಿಯೂ, ಅವರು ಹೇಳಿದಂತೆ ನಡೆದುಕೋ ಅನ್ನುತ್ತಾಳೆ!

ಕೆರೆಯ ಮೆಟ್ಟಿಲು ಮೆಟ್ಟಿಲಿಗೂ ನೀರು ಏರಿ ಭಾಗೀರಥಿ ಬಲಿಯಾಗುವ ದೃಶ್ಯಕ್ಕಿಂತ ನನ್ನ ಎದೆಗೆ ಚುಚ್ಚುವುದು ಈ ಜಾಗ. ಈ ಹಾಡನ್ನು ಪಾಠವಾಗಿ ಓದುತ್ತ ತರಗತಿಯಲ್ಲಿ ಕೂತ ಹುಡುಗಿಗೆ ಇಲ್ಲಿ ಸಿಗುವ ಅಳತೆಗೋಲು ಒಂದೇ: ಒಳ್ಳೆಯವಳು ಅಂದರೆ ನೋವು ನುಂಗುವವಳು. ಸಂಜೆ ಧಾರಾವಾಹಿಯ ಸೊಸೆಯೂ ಅದನ್ನೇ ಹೇಳುತ್ತಾಳೆ. ಮುಂದೆ ಆ ಹುಡುಗಿಯ ಮನೆಯಲ್ಲಿ ಓದು ಬಿಡಿಸಿ ಮದುವೆ ಮಾಡ್ತೀವಿ ಅಂದಾಗ, ಬೇಡ ಅನ್ನಬೇಕು ಅನ್ನಿಸಿದರೂ, ಹಾಗನ್ನಿಸಿದ್ದಕ್ಕೇ ತಾನು ಕೆಟ್ಟವಳು ಅಂದುಕೊಳ್ಳುತ್ತಾಳೆ.

ಹಾಡೇನೋ ಬಲಿಗೆ ಮುಗಿಯುವುದಿಲ್ಲ. ದಂಡಿನಿಂದ ಓಡೋಡಿ ಬಂದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ. ಹಾಡು ಕಟ್ಟಿದವರಿಗೂ ಈ ಸಾವು ಬರೀ ಪುಣ್ಯವಾಗಿ ಕಂಡಿಲ್ಲ. ಮೇಷ್ಟ್ರೇ, ಟೀಚರೇ, ತ್ಯಾಗವನ್ನು ವಿವರಿಸಿ ಅನ್ನುವ ಮೊದಲು ಮಕ್ಕಳನ್ನು ಇದೊಂದು ಕೇಳಿ: ಆ ಗೆಳತಿ ಭಾಗೀರಥಿಗೆ ಏನು ಹೇಳಬೇಕಿತ್ತು?