ಮೂಕಪ್ರಾಣಿಗಳು ಕಲಿಸಿದ ಮೊಣಕಾಲಿನ ಪಾಠ

ಕಬಡ್ಡಿ, ಖೋಖೋ, ಕುಸ್ತಿಗಳು ಹುಲಕೋಟಿ–ಗದಗ ಪರಿಸರದ ಮಕ್ಕಳಿಗೆ ಅಚ್ಚುಮೆಚ್ಚಿನ ಆಟಗಳು. ಪಾದವು ನೆಲದಲ್ಲಿ ಊರಿರುವಾಗಲೇ ಮೈ ಥಟ್ಟನೆ ತಿರುಗಿದರೆ ಮೊಣಕಾಲಿನೊಳಗಿನ ಅಸ್ಥಿರಜ್ಜು ಹರಿಯುವುದುಂಟು. ವೈದ್ಯರು ಲಿಗಮೆಂಟ್ ಎಂದು ಕರೆಯುವ ಈ ಕಟ್ಟು ಹರಿದಾಗ, ಶಸ್ತ್ರವೈದ್ಯರು ರೋಗಿಯದೇ ದೇಹದ ಬೇರೊಂದು ಸ್ನಾಯುರಜ್ಜನ್ನು ತೆಗೆದು, ಎಲುಬುಗಳಲ್ಲಿ ಕೊರೆದ ರಂಧ್ರಗಳಲ್ಲಿ ಪೋಣಿಸಿ ಬಿಗಿಯುತ್ತಾರೆ.

ಅನಂತರ ಕಾಲನ್ನು ಆಡಿಸಬೇಕೋ, ಕದಲಿಸದೆ ಇಡಬೇಕೋ? ಮನುಷ್ಯನ ಮೊಣಕಾಲನ್ನು ವಾರವಾರಕ್ಕೂ ತೆರೆದು ನೋಡುವಂತಿಲ್ಲ. ಆ ಉತ್ತರಕ್ಕಾಗಿ ಮೂಕಪ್ರಾಣಿಗಳು ಜೀವ ತೆತ್ತವು. ಅಮೆರಿಕದ ನಾಯ್ಸ್ ಅವರು ಕೋತಿಗಳ ಕಾಲನ್ನು 8 ವಾರ ಅಲುಗದಂತೆ ಬಿಗಿದಿಟ್ಟು ಪರೀಕ್ಷಿಸಿ, ಗಾಯವೇ ಇಲ್ಲದ ರಜ್ಜು ಕೂಡ ಬಲಗುಂದುವುದೆಂದೂ ವರ್ಷ ಕಳೆದರೂ ಪೂರ್ಣಬಲ ಮರಳದೆಂದೂ 1977ರಲ್ಲಿ ತಿಳಿಸಿದರು. ಹಾಗೆಂದು ಆತುರವೂ ಸಲ್ಲದು. 1993ರಲ್ಲಿ ಪ್ರಕಟವಾದ ನಾಯಿಗಳ ಮೇಲಣ ಪ್ರಯೋಗದಲ್ಲಿ, ಮೊದಲ 8 ವಾರಗಳವರೆಗೆ ಎಳೆದ ರಜ್ಜು ಎಲುಬಿನ ರಂಧ್ರದಿಂದಲೇ ಕಿತ್ತುಬಂದಿತು. 12 ವಾರಗಳ ಹೊತ್ತಿಗೆ ಅಲ್ಲಿ ಭದ್ರವಾಗಿ ಬೆಸೆದುಕೊಂಡಿತ್ತು. ಮೊಲಗಳಲ್ಲಿ ಕಸಿಮಾಡಿದ ಸ್ನಾಯುರಜ್ಜು ಅಸ್ಥಿರಜ್ಜಿನ ರೂಪವನ್ನು ತಳೆಯಲು ಸುಮಾರು 30 ವಾರಗಳು ಹಿಡಿದವೆಂದು 1986ರ ಅಧ್ಯಯನ ತೋರಿಸಿತು.

ಪ್ರಾಣಿಗಳ ಈ ಲೆಕ್ಕ ಮನುಷ್ಯನಿಗೆ ಯಥಾವತ್ತಾಗಿ ಅನ್ವಯಿಸದು. ಅವು ನಾಲ್ಕು ಕಾಲಿನ ಮೇಲೆ ನಡೆಯುತ್ತವೆ. ನಮ್ಮಲ್ಲಿ ರಜ್ಜು ಮಾಗುವುದು ಇನ್ನೂ ನಿಧಾನ. ಆದರೂ ತತ್ತ್ವ ಒಂದೇ: ಚಲನೆ ಬೇಗ ಆರಂಭವಾಗಬೇಕು, ಭಾರ ಹಂತಹಂತವಾಗಿ ಏರಬೇಕು, ಮೈದಾನ ಕೊನೆಗೆ ಬರಬೇಕು. ಶಸ್ತ್ರಚಿಕಿತ್ಸೆಯಾದ 9 ತಿಂಗಳಿಗೆ ಮುನ್ನ ಆಟಕ್ಕೆ ಮರಳಿದವರಲ್ಲಿ ಮರುಗಾಯ ಹೆಚ್ಚೆಂದು 2016ರ ನಾರ್ವೆ ದೇಶದ ಅಧ್ಯಯನವೂ ಹೇಳುತ್ತದೆ.

ಸಕಲ ಜೀವಿಗಳಲ್ಲಿ ದಯೆಯನ್ನು ಬೋಧಿಸಿದ ಶರಣರ ಪರಂಪರೆಯವರಾದ ನಮಗೆ ಇಂತಹ ಪ್ರಯೋಗಗಳು ಮನಸ್ಸನ್ನು ಕಲಕದೆ ಇರವು. ಪ್ರಯೋಗಗಳಲ್ಲಿ ಅನಗತ್ಯ ಹಿಂಸೆಯನ್ನು ತಡೆಯಲು ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸಾ ತಡೆ ಕಾಯಿದೆಯಿದೆ. ಆದರೆ ಈಗಾಗಲೇ ತೆತ್ತ ಜೀವಗಳಿಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ, ಅವುಗಳಿಂದ ದೊರೆತ ಅರಿವನ್ನು ವ್ಯರ್ಥಗೊಳಿಸದಿರುವುದು.

ಮೂರು ತಿಂಗಳಿಗೆ ನೋವು ಮಾಯವಾಯಿತೆಂದು ವಿದ್ಯಾರ್ಥಿಯನ್ನು ಪಂದ್ಯಕ್ಕೆ ಇಳಿಸುವ ಮುನ್ನ ಶಿಕ್ಷಕ ಬಂಧುಗಳು ಇದನ್ನು ನೆನೆಯಲಿ. ನೋವಿಲ್ಲದ ಕಾಲೆಲ್ಲ ಮಾಗಿದ ಕಾಲಲ್ಲ. ದಾನಿಗಳು ಪಾರಿತೋಷಕಗಳಿಗೆ ನೀಡುವ ಹಣದಲ್ಲಿ ಒಂದಂಶವನ್ನು ಗಾಯಗೊಂಡ ಮಗುವಿನ ವ್ಯಾಯಾಮ ಚಿಕಿತ್ಸೆಗೆ ಮೀಸಲಿಟ್ಟರೆ ಅದೂ ದಾಸೋಹವೇ.