ಎರಡು ಮಿಲಿಮೀಟರಿನ ಅಂತರ

ಮೊಪೆಡ್ ಎಂಬ ಹೆಸರು ಮೋಟಾರು, ಪೆಡಲು ಎಂಬ ಎರಡು ಪದಗಳು ಕೂಡಿ ಆದದ್ದು. ಬೈಸಿಕಲ್ಲಿಗೂ ಮೋಟಾರ್ ಸೈಕಲ್ಲಿಗೂ ನಡುವೆ ನಿಂತ ಇಂಥ ಪುಟ್ಟ ವಾಹನಗಳಿಗೆ ನಮ್ಮ ಕಾನೂನು ಅಂಕೆಗಳಿಂದಲೇ ಎಲ್ಲೆ ಕಟ್ಟಿದೆ. ಆ ಎಲ್ಲೆ ಎಷ್ಟು ಸೂಕ್ಷ್ಮವಾದುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ.

1988ರ ಮೋಟಾರು ವಾಹನಗಳ ಅಧಿನಿಯಮದ 4ನೆಯ ಪ್ರಕರಣದಂತೆ, 16 ವರ್ಷ ತುಂಬಿದವರು ಲೈಸೆನ್ಸು ಪಡೆದು, 50 ಘನ ಸೆಂಟಿಮೀಟರು ಮೀರದ ಎಂಜಿನ್ನುಳ್ಳ ದ್ವಿಚಕ್ರವಾಹನವನ್ನು ನಡೆಸಬಹುದು. ಅದಕ್ಕೂ ದೊಡ್ಡ ಎಂಜಿನ್ನಿಗೆ 18 ತುಂಬಿರಬೇಕು. ಹೆಸರಿನಲ್ಲಿ ಮೊಪೆಡ್ಡಾದರೂ ಸುಮಾರು 100 ಘನ ಸೆಂಟಿಮೀಟರಿನ ಟಿವಿಎಸ್ ಎಕ್ಸೆಲ್ 100 ವಾಹನಕ್ಕೆ ಎರಡನೆಯ ನಿಯಮವೇ ಅನ್ವಯಿಸುತ್ತದೆ.

ಒಂದು ಸಿಲಿಂಡರಿನ ಒಳವ್ಯಾಸ 40 ಮಿಲಿಮೀಟರು, ಪಿಸ್ಟನ್ನಿನ ಓಟ 39 ಮಿಲಿಮೀಟರು ಎಂದುಕೊಳ್ಳೋಣ. ಅದರ ಗಾತ್ರ 49 ಘನ ಸೆಂಟಿಮೀಟರು. ಒಳವ್ಯಾಸವನ್ನು ಕೊರೆಯಿಸಿ 42 ಮಿಲಿಮೀಟರಿಗೆ ಹಿಗ್ಗಿಸಿದರೆ ಗಾತ್ರ 54ಕ್ಕೆ ಏರುತ್ತದೆ. ಏಕೆಂದರೆ ಗಾತ್ರವು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಹೊರನೋಟಕ್ಕೆ ಏನೂ ಬದಲಾಗಿಲ್ಲ. ಆದರೆ ಸವಾರನ ಕಿಸೆಯಲ್ಲಿರುವ ಲೈಸೆನ್ಸು ಆ ವಾಹನಕ್ಕೆ ಇನ್ನು ಸಲ್ಲದು.

ನೋಂದಣಿ ಪತ್ರದಲ್ಲಿ ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 52ನೆಯ ಪ್ರಕರಣ ವಿಧಿಸುತ್ತದೆ. ಅನುಮತಿ ಪಡೆದು ಮಾಡಿದ ಬದಲಾವಣೆಯನ್ನೂ 14 ದಿನಗಳೊಳಗೆ ನೋಂದಣಾಧಿಕಾರಿಗೆ ತಿಳಿಸಬೇಕು. 2019ರ ತಿದ್ದುಪಡಿಯಂತೆ, ಅವಕಾಶವಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಅಪ್ರಾಪ್ತ ವಯಸ್ಕನು ವಾಹನ ನಡೆಸಿ ತಪ್ಪೆಸಗಿದರೆ ಪೋಷಕರು ಇಲ್ಲವೆ ವಾಹನದ ಮಾಲೀಕರು ಹೊಣೆಗಾರರಾಗುತ್ತಾರೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ದೊರೆಯದು.

ವಿದ್ಯುತ್ ವಾಹನಗಳಿಗೂ ಇಂಥದೇ ಎಲ್ಲೆಯಿದೆ. 250 ವ್ಯಾಟಿಗೂ ಗಂಟೆಗೆ 25 ಕಿಲೋಮೀಟರಿಗೂ ಒಳಪಟ್ಟು, ನಿಯಮಗಳ ಇತರ ಷರತ್ತುಗಳನ್ನೂ ಪೂರೈಸಿದ ಬ್ಯಾಟರಿ ವಾಹನವನ್ನು ಕಾನೂನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ವೇಗದ ತಡೆಯನ್ನು ಕಿತ್ತ ಕೂಡಲೆ ಈ ವಿನಾಯಿತಿ ಹೋಗಿ, ನೋಂದಣಿ, ವಿಮೆ, ಲೈಸೆನ್ಸು ಮೂರೂ ಬೇಕಾಗುತ್ತವೆ.

ಇದು ಬರಿಯ ಕಾಗದಪತ್ರಗಳ ಗೊಡವೆಯೆ? ಅಲ್ಲ. ವೇಗ 25ರಿಂದ 50ಕ್ಕೆ ಏರಿದರೆ ಚಲನಶಕ್ತಿ ಇಮ್ಮಡಿಯಲ್ಲ, ನಾಲ್ವಡಿಯಾಗುತ್ತದೆ. ಅದನ್ನೆಲ್ಲ ಹೀರಬೇಕಾದ ಬ್ರೇಕು ಮಾತ್ರ ಹಳೆಯದೇ. ಎಂಜಿನ್ನಿಗೆ ಕೈಹಾಕುವ ಮುನ್ನ ನೋಂದಣಿ ಪತ್ರವನ್ನೊಮ್ಮೆ ಓದುವುದು ನಮಗೂ, ದಾರಿಯಲ್ಲಿ ನಡೆದುಹೋಗುವವರಿಗೂ ಕ್ಷೇಮ.